ಮೂರೆಣಿಕೆಯ ಮೌನ

"ಈ ಸಲನೂ ನೀವು ಮುಂಚೆನೇ ಬಾಯಿಬಿಟ್ರೆ, ಡೆನ್ಜಿಲ್, ಮುಂದಿನ ವರ್ಷ ಮೇಳದಲ್ಲಿ ನಿಮಗೆ ಜಾಗ ಇಲ್ಲ," ಎಂದಳು ಗಾಯಕರ ಮೇಳದ ನಿರ್ದೇಶಕಿ ಹಿಲರಿ.

"ತುಟಿ ಹೊಲ್ಕೊಂಡೇ ಬಂದಿದೀನಿ ಕಣ್ರೀ," ಎಂದ ಡೆನ್ಜಿಲ್.

ಇಂಗ್ಲೆಂಡಿನ ಸೆವರ್ನ್ ನದಿಯ ದಂಡೆಯ ಆ ಊರಿನವರು ತಮ್ಮ ಸಂಗೀತಕಾರ ಥ್ರೆಲ್‌ಫಾಲ್‌ನ ಹುಟ್ಟುಹಬ್ಬಕ್ಕೆ ಪ್ರತಿ ವರ್ಷ ಇಗರ್ಜಿಯಲ್ಲಿ ಅವನ ಮಹಾಕೃತಿಯನ್ನೇ ಹಾಡುವುದು ರೂಢಿ. ಕೊನೆಯಲ್ಲಿ ನಲವತ್ತು ವಾದ್ಯಗಳೂ ಥಟ್ಟನೆ ನಿಲ್ಲುತ್ತವೆ. ಮೂರೆಣಿಕೆ ಮೌನ. ಆಮೇಲೆ ಏರುದನಿಯ ಗಂಡಸರು, ಟೆನರುಗಳು, ಯಾವ ಆಸರೆಯೂ ಇಲ್ಲದೆ 'ಬೆಳಕು' ಎಂದು ಎತ್ತಬೇಕು. ಇಪ್ಪತ್ತೆರಡು ವರ್ಷದಿಂದ ಡೆನ್ಜಿಲ್ ಅರ್ಧ ಎಣಿಕೆ ಮುಂಚೆಯೇ ಎಗರುತ್ತ ಬಂದಿದ್ದ. ಅಂಚೆಯವನಾಗಿದ್ದವನು, ಏನನ್ನೂ ತಡವಾಗಿ ಮುಟ್ಟಿಸಿ ಅಭ್ಯಾಸವಿಲ್ಲ. ತಾನೊಂದು ಕತ್ತೆ ಎಂಬುದರಲ್ಲಿ ಅವನಿಗೇನೂ ಸಂಶಯವಿರಲಿಲ್ಲ. ಆದರೆ ಈ ಕತ್ತೆ ಗಡ್ಡ ಹೆರೆದುಕೊಳ್ಳುತ್ತಿದ್ದದ್ದೇ ವಾರಕ್ಕೊಮ್ಮೆ, ಗುರುವಾರ, ಮೇಳದ ಅಭ್ಯಾಸಕ್ಕೆಂದು. ಅದೂ ತಪ್ಪಿದರೆ ಉಳಿಯುವುದು ಗಡ್ಡವೊಂದೇ.

ಅಂದು ಇಗರ್ಜಿಯಲ್ಲಿ ವಾದ್ಯಗಳು ನಿಂತವು. ಒಂದು, ಎರಡು, ಮೂರು. ಡೆನ್ಜಿಲ್ ಹಲ್ಲು ಕಚ್ಚಿದ. ಬೇರೆಯವರು ಎತ್ತಲಿ, ಹಿಂದಿನಿಂದ ಸೇರಿಕೊಂಡರಾಯಿತು. ನಾಲ್ಕು. ಐದು. ಯಾರೋ ಕೆಮ್ಮಿದರು. ಹಿಲರಿಯ ತಾಳ ತೋರುವ ಕೋಲು ಗಾಳಿಯಲ್ಲೇ ನೇತಾಡಿತು. ಉಳಿದ ಹನ್ನೊಂದು ಟೆನರುಗಳೂ ಪುರೋಹಿತರು ಬಾರದ ಮದುವೆಮನೆಯವರ ಹಾಗೆ ಅವನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಆರ್ಗನ್ನಿನವನು ಕನಿಕರಪಟ್ಟು ಆ ಸ್ವರ ಒತ್ತಿದ, ಎಲ್ಲರೂ ಅದಕ್ಕೆ ಜೋತುಬಿದ್ದರು. ಜನ ಮಾತ್ರ ಆ ದೀರ್ಘ ಮೌನಕ್ಕೆ ಮರುಳಾಗಿ, ಮುಗಿದೊಡನೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹಾಡಿನ ಪುಸ್ತಕಗಳು ಬಾಡಿಗೆಯವು, ಪೆನ್ಸಿಲ್ ಗುರುತು ಅಳಿಸಿಯೇ ಮರಳಿಸಬೇಕು. ಕಛೇರಿ ಮುಗಿದ ಮೇಲೆ ಪಕ್ಕದ ಕೋಣೆಯಲ್ಲಿ ಎಲ್ಲರೂ ರಬ್ಬರು ಹಿಡಿದು ಕೂತರು. ಡೆನ್ಜಿಲ್ ಪಕ್ಕದ ಲಯನೆಲ್‌ನ ಪುಟಕ್ಕೆ ಇಣುಕಿದ. ಮೌನದ ಗುರುತಿನ ಮೇಲೆ ಪೆನ್ಸಿಲ್ಲಿನಲ್ಲಿ ದಪ್ಪಗೆ ಬರೆದಿತ್ತು: 'ಡೆನ್ಜಿಲ್ ಎಗರಿದ ಮೇಲೆ.' ಅದರಾಚೆಯವನ ಪುಟದಲ್ಲೂ ಅದೇ.

"ಏನೋ ಇದು?"

"ಮತ್ತೇನಯ್ಯಾ, ಎಣಿಸೋಕೆ ನಮಗೆಲ್ಲಿ ಬರುತ್ತೆ? ನೀನು ಎಗರ್ತೀಯ, ಹಿಂದೇನೇ ನಾವು ಎತ್ತಿದ್ರೆ ಸರಿಯಾಗಿ ಬೀಳ್ತಿತ್ತು. ಇವತ್ತು ಕೈಕೊಟ್ಟೆ ನೋಡು."

ಬೆನ್ನ ಹಿಂದೆ ಬಂದು ನಿಂತಿದ್ದ ಹಿಲರಿ ಕೇಳಿದಳು, "ಎಲ್ಲಾರೂನಾ?"

"ಎಲ್ಲಾರೂ."

"ಮತ್ತೆ ಇಷ್ಟು ವರ್ಷ ನಾನು ಕೋಲಾಡಿಸಿದ್ದು?"

"ಚೆನ್ನಾಗಿ ಗಾಳಿ ಬರ್ತಿತ್ತು, ಹಿಲರಿ," ಎಂದ ಲಯನೆಲ್.

ಹಿಲರಿ ಮುಂದಿನ ವರ್ಷದ ಮೇಳದ ಪಟ್ಟಿಯನ್ನು ಮೇಜಿನ ಮೇಲೆ ಹರಡಿದಳು. ಲಯನೆಲ್‌ನ ಕೈಯಿಂದ ರಬ್ಬರು ಕಿತ್ತುಕೊಂಡು, ಡೆನ್ಜಿಲ್‌ನ ಹೆಸರಿನ ಮೇಲೆ ಆಗಲೇ ಎಳೆದಿಟ್ಟಿದ್ದ ಗೆರೆಯನ್ನು ಉಜ್ಜತೊಡಗಿದಳು.