ಅಮ್ಮನ ಹೊಟ್ಟೆಹುಣ್ಣು

ಕಾರು ಕಲಿಯಲು ಬರುವ ಹೆಂಗಸರು ಅವಳಿಗೆ 'ಬ್ರೇಕ್ ಅಕ್ಕ' ಎಂದು ಹೆಸರಿಟ್ಟಿದ್ದರು. ಮಾತುಮಾತಿಗೂ "ಬ್ರೇಕ್, ಬ್ರೇಕ್!" ಎಂದು ಕೂಗುವಳು, ಅವರು ಒತ್ತುವಷ್ಟರಲ್ಲಿ ತನ್ನ ಕಾಲಡಿಯ ಬ್ರೇಕನ್ನು ತಾನೇ ಒತ್ತಿಬಿಡುವಳು. ಬಾಯಿ ಜೋರು, ಕೈಕಾಲು ಚುರುಕು. ಅಂಥವಳು ಅಂದು ವೈದ್ಯೆಯ ಎದುರು ಬಾಯಿಗೆ ಬೀಗ ಹಾಕಿಕೊಂಡವಳಂತೆ ಕೂತಿದ್ದಳು.

ಗಂಟು ಇದೆಯೆಂದು ಮೊದಲು ತಿಳಿದದ್ದು ಸೀಟ್ ಬೆಲ್ಟಿನಿಂದ. ಪಟ್ಟಿ ಎದೆಗೆ ಒತ್ತಿದಾಗಲೆಲ್ಲ ಎಡಗಡೆ ಏನೋ ಗಟ್ಟಿಯಾಗಿ ಸಿಗುತ್ತಿತ್ತು. ಪಟ್ಟಿಯ ಕೆಳಗೆ ಕರವಸ್ತ್ರ ಮಡಚಿಟ್ಟುಕೊಂಡು ಬೇಸಿಗೆಯೆಲ್ಲ ದೂಡಿದ್ದಳು. ಗಂಡನಿಗೂ ಹೇಳಿರಲಿಲ್ಲ. ಅವನಿಗೇ ಅನುಮಾನ ಬಂದು, ಕೆದಕಿ ಕೆದಕಿ ಕೇಳಿ, ಕೊನೆಗೆ ಆಸ್ಪತ್ರೆಗೆ ಹೊರಡಿಸಿದ್ದ.

"ಸ್ತನದ ಕ್ಯಾನ್ಸರ್. ಹೆಚ್ಚು ಹರಡಿದ ಹಾಗಿಲ್ಲ, ಆಪರೇಷನ್ ಮಾಡೋಣ," ಎಂದರು ವೈದ್ಯೆ. "ನಿಮ್ಮ ಮನೇಲಿ ಇನ್ಯಾರಿಗಾದ್ರೂ ಇತ್ತಾ? ಅಮ್ಮ, ಅಜ್ಜಿ?"

"ಇಲ್ಲ. ಅಮ್ಮ ಹೊಟ್ಟೆಹುಣ್ಣಾಗಿ ಹೋಗಿದ್ದು."

"ಆಗ ಎಷ್ಟು ವಯಸ್ಸು?"

"ನಲವತ್ತೂ ತುಂಬಿರ್ಲಿಲ್ಲ."

ವೈದ್ಯೆ ಪೆನ್ನು ಕೆಳಗಿಟ್ಟರು. "ಮನೇಲಿ ಸರಿಯಾಗಿ ವಿಚಾರಿಸಿ. ನಿಮಗೊಬ್ಬರಿಗೇ ಅಲ್ಲ, ಅಕ್ಕತಂಗಿಯರಿದ್ರೆ ಅವರಿಗೂ ಬೇಕಾಗುತ್ತೆ."

ಮನೆಗೆ ಬಂದರೂ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. ಮರುದಿನ ಪಾಠಕ್ಕೆ ಹೋದರೆ, ಕಲಿಯುವವಳು ಕಾರನ್ನು ಕೆಂಪು ದೀಪ ದಾಟಿಸಿಯೇಬಿಟ್ಟಳು. "ಅಕ್ಕಾ, ನೀವು ಕೂಗ್ಲೇ ಇಲ್ವಲ್ಲ!" ಎಂದು ಗಾಬರಿಯಿಂದ ಅವಳ ಮುಖ ನೋಡಿದಳು.

ಬ್ರೇಕ್ ಅಕ್ಕನ ಮನಸ್ಸು ಇದ್ದದ್ದು ಅಮ್ಮನ ತೋಳಿನ ನೆನಪಿನಲ್ಲಿ. ಕೊನೆಯ ದಿನಗಳಲ್ಲಿ ಅಮ್ಮನಿಗೆ ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ಬಾಚಣಿಗೆ ಹಿಡಿದ ಕೈ ಭುಜದ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಜಡೆ ಹಾಕುತ್ತಿದ್ದದ್ದು ತಾನೇ. ಹೊಟ್ಟೆನೋವು ಇದ್ದವರಿಗೆ ಕೈ ಎತ್ತಲು ಏನು ಕಷ್ಟ?

ಉಳಿದ ಪಾಠಗಳನ್ನು ರದ್ದು ಮಾಡಿ, ಕಾರನ್ನು ನೇರ ಅಮ್ಮನ ಒಡಹುಟ್ಟಿದ ತಂಗಿ, ಚಿಕ್ಕಮ್ಮನ ಮನೆಗೆ ತಿರುಗಿಸಿದಳು.

ಚಿಕ್ಕಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಇವಳು ಚಪ್ಪಲಿ ಕೂಡ ಬಿಡದೆ ಕೇಳಿದಳು: "ಅಮ್ಮನಿಗೆ ಏನಾಗಿತ್ತು?"

"ಏನೇ ಇದು, ಬಂದವಳೇ! ಹೊಟ್ಟೆಹುಣ್ಣು ಅಂತ ಗೊತ್ತಿಲ್ವಾ?"

"ನಂಗೆ ಕ್ಯಾನ್ಸರ್ ಬಂದಿದೆ ಚಿಕ್ಕಮ್ಮ. ಎದೇಲಿ."

ಚಿಕ್ಕಮ್ಮನ ಕೈಲಿದ್ದ ದಿಂಬಿನ ಚೀಲ ಕೆಳಗೆ ಬಿತ್ತು. ಎದ್ದು ಹೋಗಿ ಬಾಗಿಲು ಹಾಕಿ ಬಂದಳು. ಮನೆಯಲ್ಲಿ ಇನ್ಯಾರೂ ಇರಲಿಲ್ಲ.

"ಅವಳಿಗೂ ಅಲ್ಲೇ," ಎಂದಳು ಪಿಸುದನಿಯಲ್ಲಿ. "ಒಂದು ವರ್ಷ ಯಾರಿಗೂ ತೋರಿಸ್ಲಿಲ್ಲ. ಹುಣ್ಣಾಗಿ ಒಡೆದ ಮೇಲೆ ನಂಗೆ ಗೊತ್ತಾಯ್ತು. ಗಂಡಸು ಡಾಕ್ಟ್ರು ಮುಟ್ಟೋದು ಬೇಡ ಅಂತ ಹಟ ಹಿಡಿದ್ಲು. ಆಮೇಲೆ ಅಜ್ಜಿ ನನ್ನಿಂದ ಆಣೆ ಮಾಡಿಸಿಕೊಂಡ್ರು, ಎರಡು ಹೆಣ್ಣುಮಕ್ಕಳಿದಾವೆ, ಈ ವಿಷಯ ಹೊರಗೆ ಹೋದ್ರೆ ಯಾರು ಮದುವೆ ಆಗ್ತಾರೆ ಅಂತ."

"ನಮಗೆ ಮದುವೆ ಆಗಿ ಎಷ್ಟು ವರ್ಷ ಆಯ್ತು ಚಿಕ್ಕಮ್ಮ? ಆಮೇಲಾದ್ರೂ ಹೇಳ್ಬಾರ್ದಿತ್ತಾ?"

ಚಿಕ್ಕಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, "ನಿನ್ ದಮ್ಮಯ್ಯ, ನಿನ್ ತಂಗಿಗೆ ಈಗ ಹೇಳ್ಬೇಡ. ಅವಳ ಮಗಳಿಗೆ ಗಂಡು ಗೊತ್ತಾಗೋ ಹೊತ್ತು," ಎಂದಳು.

ಇವಳು ಅಲ್ಲಿಂದ ಹೊರಟವಳು ತಂಗಿಯ ಜೆರಾಕ್ಸ್ ಅಂಗಡಿಯ ಮುಂದೆಯೇ ನಿಂತದ್ದು. ಗಿರಾಕಿಗಳು ಖಾಲಿಯಾಗುವವರೆಗೆ ಚಡಪಡಿಸಿ, ನಂತರ ಒಂದೇ ಉಸಿರಿಗೆ ಎಲ್ಲ ಹೇಳಿದಳು. ತಂಗಿ ಮೊದಲು ಅಳುತ್ತಾ ಅಕ್ಕನ ಕೈ ಹಿಡಿದಳು. ಅಮ್ಮನ ವಿಷಯ ಬಂದದ್ದೇ ಕೈ ಬಿಟ್ಟಳು.

"ಇದನ್ನ ಈಗ್ಲೇ ಹೇಳ್ಬೇಕಿತ್ತಾ? ಆ ಕಡೆಯವರ ಕಿವಿಗೆ ಬಿದ್ರೆ?"

"ಬೀಳ್ಲಿ. ನೀನು ಮೊದ್ಲು ಹೋಗಿ ತೋರಿಸ್ಕೋ."

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ. ನಿನಗೆ ಬಂತು ಅಂತ ಎಲ್ಲರಿಗೂ ಅಂಟಿಸ್ಬೇಡ."

ಅಂದ ಮಾತು ಇಬ್ಬರಿಗೂ ಚುಚ್ಚಿತು. ಜೆರಾಕ್ಸ್ ಯಂತ್ರ ತನ್ನ ಪಾಡಿಗೆ ಖಾಲಿ ಹಾಳೆ ಉಗುಳುತ್ತಿತ್ತು.

ಆಪರೇಷನ್ನಿಗೆ ತಂಗಿ ಬರಲಿಲ್ಲ. ಚಿಕ್ಕಮ್ಮ ಬಂದು ಹಾಸಿಗೆ ಪಕ್ಕ ಕಾವಲು ಕೂತಳು. ನೋಡಲು ಬಂದ ನೆಂಟರ ಹೆಂಗಸಿಗೆ, "ಗರ್ಭಕೋಶದ ತೊಂದರೆ," ಎಂದು ಶುರು ಮಾಡಿದಳು. ಇವಳು ದಿಂಬಿನಿಂದಲೇ ತಲೆ ಎತ್ತಿ, "ಅಲ್ಲ. ಎಡಗಡೆ ಮೊಲೆ ತೆಗೆದಿದಾರೆ. ಕ್ಯಾನ್ಸರ್," ಎಂದಳು. ನೆಂಟರ ಹೆಂಗಸು ತಂದಿದ್ದ ಸೇಬುಗಳನ್ನು ಒಂದೊಂದಾಗಿ ತಿರುಗಿಸಿ ನೋಡತೊಡಗಿದಳು. ಚಿಕ್ಕಮ್ಮ ನಾಚಿಕೆಯಿಂದ ಹಿಡಿಯಷ್ಟಾದಳು. ಹೇಳಿದ ಮೇಲೆ ಇವಳಿಗೇನೂ ಹಗುರವಾಗಲಿಲ್ಲ. ತಂಗಿ ಬಂದಳೇನೋ ಎಂದು ಬಾಗಿಲ ಕಡೆಗೇ ಕಣ್ಣು.

ಮನೆಗೆ ಬಂದ ಮೇಲೂ ಅದೇ. ಫೋನು ಎತ್ತುವುದು, ಇಡುವುದು. "ಅವಳಾಗೇ ಮಾಡ್ತಾಳೆ ಬಿಡು," ಎಂದ ಗಂಡ. ಹೊಲಿಗೆ ಬಿಚ್ಚಿದ ವಾರ ತಂಗಿಯೇ ಬಂದಳು. ಬಾಗಿಲಲ್ಲಿ ನಿಂತೇ, "ಹೋಗಿದ್ದೆ," ಎಂದಳು. "ಬಲಗಡೆ ಏನೋ ಇದೆ ಅಂದ್ರು. ನಾಳೆ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡ್ತಾರಂತೆ. ನೀನು ಬರ್ತೀಯಾ?"

"ಬರ್ದೆ ಇರ್ತೀನಾ? ಒಳಗೆ ಬಾರೇ."

"ಮಗಳೇ ಗಂಡಿನ ಮನೆಯವರಿಗೆ ಹೇಳಿಬಿಟ್ಲು ಅಕ್ಕ. ಆಮೇಲೆ ಅವರ ಫೋನಿಲ್ಲ. ಇವಳು ನೋಡಿದ್ರೆ, 'ಹೋದ್ರೆ ಹೋಗ್ಲಿ' ಅಂತ ಆರಾಮಾಗಿದಾಳೆ. ನಂಗೇ ಊಟ ಸೇರ್ತಿಲ್ಲ."

ಮರುದಿನ ಪರೀಕ್ಷೆ ಮುಗಿಸಿ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತರು. ಫಲಿತಾಂಶಕ್ಕೆ ಇನ್ನೂ ಕಾಯಬೇಕಿತ್ತು. ತಂಗಿ ಪರ್ಸಿನ ಜಿಪ್ಪನ್ನು ಎಳೆಯುತ್ತಿದ್ದಳು, ಮುಚ್ಚುತ್ತಿದ್ದಳು. ಇದ್ದಕ್ಕಿದ್ದಂತೆ ನಿಲ್ಲಿಸಿ, "ಚಿಕ್ಕಮ್ಮ ಯಾವತ್ತಾದ್ರೂ ತೋರಿಸ್ಕೊಂಡಿದಾಳಾ?" ಎಂದು ಕೇಳಿದಳು.

ಇಬ್ಬರಿಗೂ ಗೊತ್ತಿರಲಿಲ್ಲ. ತಂಗಿಯೇ ಫೋನು ಹಚ್ಚಿ, ಅಕ್ಕನಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

"ಈ ವಯಸ್ಸಲ್ಲಿ ನಂದೇನು ನೋಡ್ತಾರೆ? ಹೋಗ್ರೇ," ಎಂದು ಚಿಕ್ಕಮ್ಮ ರೇಗಿದಳು. ಇವರಿಬ್ಬರೂ ಬಿಡಲಿಲ್ಲ, ಒಬ್ಬಳು ಗದರಿದರೆ ಇನ್ನೊಬ್ಬಳು ಬೇಡಿಕೊಂಡಳು. ಕೊನೆಗೆ ಚಿಕ್ಕಮ್ಮನ ಸಣ್ಣ ದನಿ ಕೇಳಿತು:

"ಹೆಂಗಸು ಡಾಕ್ಟ್ರೇ ತಾನೆ?"