ಸ್ವೆಟರ್ ಕುಗ್ಗಿದ ಮೇಲೆ

ದೊಡ್ಡಮ್ಮನ ಲಾಂಡ್ರಿಯಲ್ಲಿ ಅಂದು ಬೆಳಿಗ್ಗೆ ಒಬ್ಬ ದಢೂತಿ ಗಿರಾಕಿಯ ಸ್ವೆಟರ್ ಗೊಂಬೆಯ ಅಂಗಿಯಾಗಿ ಹೊರಬಂತು.

"ಅಳಿಯಂದ್ರೇ, ಇದನ್ನ ನೀವೇ ಒಂದ್ಸಲ ಹಾಕ್ಕೊಂಡು ತೋರಿಸಿ," ಎಂದರು ದೊಡ್ಡಮ್ಮ.

ಭಾವ ತಲೆ ಕೆರೆದುಕೊಂಡರು. ಒಗೆಯುವ ಯಂತ್ರಗಳಿಗೂ ಕೌಂಟರಿಗೂ ಸೇರಿಸಿ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಟ್ಟವರು ಅವರೇ. ಅದರಲ್ಲಿ ನೂರ ಅರವತ್ತು ಆಯ್ಕೆಗಳು. ಎಲ್ಲವೂ ಅಕಾರಾದಿಯಾಗಿ ಒಂದೇ ಉದ್ದದ ಪಟ್ಟಿ. 'ಉಣ್ಣೆ'ಯ ಕೆಳಗೇ 'ಉರಿಬಿಸಿ ನೀರು'. ಇಸ್ತ್ರಿಯವನ ಹೆಬ್ಬೆರಳು ಒಂದು ಸಾಲು ಜಾರಿತ್ತು, ಅಷ್ಟೆ.

"ಸಂಜೆಯೊಳಗೆ ಸರಿ ಮಾಡಿ. ಇಲ್ಲಾಂದ್ರೆ ನಾಳೆಯಿಂದ ಮತ್ತೆ ನೋಟ್‌ಬುಕ್ಕೇ. ಇವಳು ಮೊದಲಿನ ಹಾಗೆ ಕೌಂಟರಲ್ಲಿ ನಿಂತು ಹೆಸರು ಕೂಗ್ತಾಳೆ."

ಇವಳು ಎಂದರೆ ನಾನು. ಹತ್ತು ಜನರೆದುರು ಹೆಸರು ಕೂಗು ಎಂದರೆ ನಾನು ಬಟ್ಟೆಯ ರಾಶಿಯ ಹಿಂದೆ ಅಡಗುವವಳು. ಪ್ರೋಗ್ರಾಂ ಬಂದ ಮೇಲೆ ಕೌಂಟರಿಗೆ ದೊಡ್ಡಮ್ಮ ಒಬ್ಬರೇ ಸಾಕಾಗಿ, ನಾನು ಹಿಂದಿನ ಕೋಣೆಯಲ್ಲಿ ಬಟ್ಟೆ ವಿಂಗಡಿಸುತ್ತ ಸುಖವಾಗಿದ್ದೆ.

ಭಾವ ಕಂಪ್ಯೂಟರ್ ಹಿಡಿದು ಅಲ್ಲಿಗೇ ಬಂದರು. ಒಂದು ಬುಟ್ಟಿ ಬೋರಲು ಹಾಕಿ ಕೂತರು.

"ಪಟ್ಟಿ ಸರಿಯಾಗೇ ಇದೆಯಲ್ಲ ಪುಟ್ಟಿ, ಅಕ್ಷರದ ಪ್ರಕಾರ?"

"ನಾವು ಬಟ್ಟೆನ ಅಕ್ಷರದ ಪ್ರಕಾರ ಇಡ್ತೀವಾ, ಭಾವ?" ಎಂದೆ, ಮೆಲ್ಲಗೆ.

ಒಂದು ಅಂಗಿ ಎತ್ತಿ ತೋರಿಸಿದೆ. ಅದು ಬಿಳಿಯ ಬುಟ್ಟಿಯದು. ಕಾಲರಿಗೆ ಕೆಂಪು ದಾರ ಕಟ್ಟಿದ್ದೆ, ಕಲೆ ಇದೆ ಎಂದು. ಹಸಿರು ದಾರವೂ ಇತ್ತು, ಇವತ್ತೇ ಬೇಕು ಎಂದು.

"ಬುಟ್ಟಿ ಒಂದೇ. ದಾರ ಎಷ್ಟು ಬೇಕಾದ್ರೂ ಕಟ್ಟಬಹುದು."

ಭಾವ ಅಂಗಿಯನ್ನೇ ನೋಡಿದರು. "ನಾಲ್ಕು ವರ್ಷ ಕಾಲೇಜಲ್ಲಿ ಇದನ್ನೇ ಓದಿದ್ದೆ ಕಣೇ. ಪರೀಕ್ಷೆ ಮುಗಿದ ದಿನಾನೇ ಮರೆತೆ!"

ಮಧ್ಯಾಹ್ನವೆಲ್ಲ ಆ ನೂರ ಅರವತ್ತು ಆಯ್ಕೆಗಳನ್ನು ಬಟ್ಟೆಯ ಹಾಗೇ ವಿಂಗಡಿಸಿದೆವು. ಒಗೆತ, ಒಣಗಿಸುವುದು, ಇಸ್ತ್ರಿ, ಕೌಂಟರ್ ಎಂದು ನಾಲ್ಕು ಬುಟ್ಟಿ ಮಾಡಿದೆವು. ದಿನವೂ ಬೇಕಾಗುವುದಕ್ಕೆ ಹಸಿರು ದಾರ, 'ಉರಿಬಿಸಿ'ಯಂಥದ್ದಕ್ಕೆ ಕೆಂಪು. ಕೆಂಪಿನದನ್ನು ಒತ್ತಿದರೆ ಪ್ರೋಗ್ರಾಂ 'ಖಂಡಿತಾನಾ?' ಎಂದು ಎರಡು ಸಲ ಕೇಳುತ್ತದೆ. 'ಅತ್ತೆಗೆ ತೋರಿಸಬೇಡಿ' ಎಂದು ಇನ್ನೊಂದು ದಾರ ಬೇಕೆಂದರು ಭಾವ. ನಾನು ಬಿಡಲಿಲ್ಲ. ಪಟ್ಟಿಯ ಕೊನೆಯ ಆಯ್ಕೆಯೊಂದು ಉಳಿದಿತ್ತು, ಅಷ್ಟರಲ್ಲಿ ದೊಡ್ಡಮ್ಮ ಕರೆದರು.

ಅವರು ಕನ್ನಡಕ ಏರಿಸಿ, ಎರಡೇ ಒತ್ತಿಗೆ ಉಣ್ಣೆ ಹುಡುಕಿ, ತಮ್ಮದೇ ಸ್ವೆಟರ್ ಯಂತ್ರಕ್ಕೆ ಹಾಕಿದರು. ಅದು ಸ್ವೆಟರಾಗಿಯೇ ಹೊರಬಂತು.

"ಸರಿ, ಇರಲಿ ನಿಮ್ಮ ಪ್ರೋಗ್ರಾಂ. ಆದ್ರೆ ಅದರ ಒಳಹೊರಗು ಗೊತ್ತಿರೋದು ಇವಳಿಗೆ. ನಾಳೆಯಿಂದ ಕೌಂಟರಿಗೆ ಇವಳೇ."

ನಾನು ಹಿಂದಿನ ಕೋಣೆಯ ಕಡೆ ಒಂದು ಹೆಜ್ಜೆ ಸರಿದೆ. ಭಾವ ಮಾತ್ರ ಪರದೆಯ ತಳ ನೋಡಿ ಕಣ್ಣರಳಿಸಿದರು. ಉಳಿದಿದ್ದ ಆಯ್ಕೆ ಅಲ್ಲಿತ್ತು: 'ಹೆಸರು ಕೂಗದೆ ಗಂಟೆ ಬಾರಿಸಿ ನಂಬರ್ ತೋರಿಸು.'

"ಅಯ್ಯೋ, ಇದನ್ನ ನಿನಗೋಸ್ಕರಾನೇ ಬರೆದಿದ್ದೆ! ಆಮೇಲೆ ಆ ಪಟ್ಟಿಯಲ್ಲಿ ನನಗೇ ಸಿಗಲಿಲ್ಲ. ಯಾವ ಬುಟ್ಟಿಗೆ ಹಾಕ್ಲಿ?"

"ಕೌಂಟರ್!"

"ದಾರ?"

"ಹಸಿರು! ಹಸಿರು, ಭಾವ!"

ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟು, ಕೂಗಿದವರು ಯಾರೆಂದು ಇಣುಕಿ ನೋಡಿದ.