ಇನ್‌ವ್ಯಾಲಿಡ್ ಗಾಡಿ

ರತ್ನಾವತಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ನೆರೂಳಿನ ಅವಳ ಸೊಸೈಟಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ದಿನ ಆರ್‌ಟಿಒ ಆಫೀಸಿನ ಪಾಸಿಂಗ್ ಮೈದಾನದಲ್ಲಿ ಬಂದ ಕೋಪಕ್ಕೆ ಅವಳನ್ನು ದೂರಿ ಪ್ರಯೋಜನವಿಲ್ಲ. ಅಲ್ಲಿ ಕಲ್ಲುಗೊಂಬೆ ಇದ್ದಿದ್ದರೆ ಅದಕ್ಕೂ ಬರುತ್ತಿತ್ತು.

ಕಾರಿಗೆ ಹದಿನೈದು ವರ್ಷ ತುಂಬಿತ್ತು. ಇನ್ನು ಮುಂದೆ ರಸ್ತೆಗಿಳಿಯಬೇಕಾದರೆ ತಪಾಸಣೆಯ ಸಾಹೇಬರ ಮುಂದೆ ನಿಲ್ಲಿಸಿ ಪಾಸ್ ಮಾಡಿಸಬೇಕು. ರತ್ನಾವತಿಗೆ ಎಳವೆಯಲ್ಲೇ ಪೋಲಿಯೊ ಬಂದು ಎರಡೂ ಕಾಲುಗಳ ಬಲ ಹೋಗಿತ್ತು. ಸ್ಟೀರಿಂಗಿನ ಪಕ್ಕದಲ್ಲಿ ಕೂರಿಸಿದ ಒಂದು ಸರಳೇ ಅವಳಿಗೆ ಕಾಲು. ಮುಂದಕ್ಕೆ ತಳ್ಳಿದರೆ ಬ್ರೇಕು, ಹಿಂದಕ್ಕೆ ಎಳೆದರೆ ವೇಗ. ಅದು ಬರುವ ತನಕ ಬೇಲಾಪುರದ ಆಫೀಸಿಗೆ ಹೋಗಲು ತಮ್ಮ ಪುಂಡರೀಕಾಕ್ಷನ ಪುರುಸೊತ್ತು ಕಾಯಬೇಕಿತ್ತು. ಅವನಿಗೆ ನೆಗಡಿಯಾದರೆ ಇವಳಿಗೆ ರಜೆ. ಆ ಕಾಲ ಮತ್ತೆ ಬರಬಾರದು, ಅವಳಿಗೆ ಬೇಕಾದದ್ದು ಅಷ್ಟೇ.

ಸರದಿ ಬಂದಾಗ ಅವಳೇ ಓಡಿಸಿಕೊಂಡು ಹೋಗಿ ತಪಾಸಣೆಯ ಗೆರೆಯ ಮೇಲೆ ನಿಲ್ಲಿಸಿದಳು. ಹಿಂದೆ ಟೆಂಪೊಗಳು, ಸ್ಕೂಲ್ ವ್ಯಾನುಗಳು ಸಾಲುಗಟ್ಟಿದ್ದವು. ಸಾಹೇಬ ಕಿಟಕಿಯಲ್ಲಿ ಬಗ್ಗಿ ಸರಳನ್ನು ನೋಡಿದ, ಅವಳ ಕಾಲನ್ನು ನೋಡಿದ, ಮೊಬೈಲಿನಲ್ಲಿ ಕಾರಿನ ದಾಖಲೆ ತೆರೆದ.

"ಗಾಡಿ ಇನ್‌ವ್ಯಾಲಿಡ್ ಹೈ, ಮೇಡಂ."

ದಾಖಲೆಯಲ್ಲಿದ್ದದ್ದು 'ಇನ್‌ವ್ಯಾಲಿಡ್ ಕ್ಯಾರೇಜ್' ಎಂದು. ಕಾಯಿದೆಯ ಹಳೆಯ ಇಂಗ್ಲಿಷಿನಲ್ಲಿ ಹಾಗೆಂದರೆ ಅಂಗವಿಕಲರ ವಾಹನ. ಸಾಹೇಬ ಓದಿದ್ದು ಮೊದಲ ಪದ ಮಾತ್ರ, ಅವನಿಗೆ ಅದರ ಅರ್ಥ ಒಂದೇ: ಊರ್ಜಿತವಲ್ಲ. ನೋಂದಣಿಯೇ ನಡೆಯುವುದಿಲ್ಲ, ಮೇಲಾಗಿ ಕಂಪನಿ ಕೊಡದ ರಾಡು ಬೇರೆ. ರಾಡು ಬಿಚ್ಚಿಸಿ ತಂದರೆ ನೋಡೋಣ, ಅಲ್ಲಿಯವರೆಗೆ ಈ ಗಾಡಿ ಓಡಿಸುವ ಹಾಗಿಲ್ಲ ಎಂದುಬಿಟ್ಟ.

ರತ್ನಾವತಿ ಮೊದಮೊದಲು ಸಮಾಧಾನದಿಂದಲೇ ಮರಾಠಿಯಲ್ಲಿ ತಿಳಿಸಿ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಆ ದರಿದ್ರ ಪದವನ್ನು ಅವಳು ಇಷ್ಟು ವರ್ಷ ಹಲ್ಲು ಕಚ್ಚಿ ಸಹಿಸಿದ್ದಳು. ಈಗ ಅವಮಾನ ಮಾಡಲಿಕ್ಕೂ ಅದರ ಅರ್ಥ ಗೊತ್ತಿಲ್ಲದವನೊಬ್ಬ ಅದನ್ನೇ ಹಿಡಿದು ಅವಳ ಕಾಲು ಕೀಳಲು ಹೊರಟಿದ್ದ. ಅವಳ ಮೈಯೆಲ್ಲ ಉರಿಯಿತು.

ಜೊತೆಗೆ ಬಂದಿದ್ದ ಪುಂಡರೀಕಾಕ್ಷ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ. ಕಿಟಕಿಯ ಹತ್ತಿರ ಬಂದು ದನಿ ತಗ್ಗಿಸಿದ.

"ಬಿಡು ಅಕ್ಕ, ಸರಳು ತೆಗೆಸುವ. ನಾನು ದಿನಾ ಆಫೀಸಿಗೆ ಬಿಡ್ತೇನಲ್ಲ, ಅದಕ್ಕೆಂತ?"

ಸಾಹೇಬನ ಮಾತಿಗಿಂತ ಇದೇ ಹೆಚ್ಚು ಸುಟ್ಟಿತು. ಅಷ್ಟರಲ್ಲಿ ಹಿಂದಿನ ಟೆಂಪೊಗಳು ಹಾರ್ನ್ ಹೊಡೆಯತೊಡಗಿದವು. ಗಾಡಿ ಬದಿಗೆ ತೆಗೆಯಿರಿ ಎಂದು ಸಾಹೇಬ ಗದರಿದ. ರತ್ನಾವತಿ ಎಂಜಿನ್ ಆರಿಸಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ಇನ್‌ವ್ಯಾಲಿಡ್ ಗಾಡಿ ಸಾಹೇಬರೇ. ಓಡಿಸಬಾರದು ಅಂತ ನೀವೇ ಹೇಳಿದ್ದು."

ಗದರಿದರೂ ಆಗಲಿಲ್ಲ, ಪೊಲೀಸರನ್ನು ಕರೆಸುತ್ತೇನೆ ಎಂದರೂ ಆಗಲಿಲ್ಲ. ಸಾಲು ಗೇಟು ದಾಟಿ ರಸ್ತೆಯವರೆಗೆ ಬೆಳೆಯಿತು. ಕೊನೆಗೆ ಪುಂಡರೀಕಾಕ್ಷ ಸಾಹೇಬನ ಮುಂದೆ ಕೈಮುಗಿದು, "ಬೇಚಾರಿ ಹೈ ಸರ್," ಎಂದ. ಸಾಹೇಬನಿಗೂ ಇಂಥದೊಂದು ದಾರಿ ಬೇಕಿತ್ತು. ಎಲ್ಲರಿಗೂ ಕೇಳಿಸುವಂತೆ, ಪಾಪದ ಹೆಂಗಸು, ದಯೆಯಿಂದ ಪಾಸ್ ಮಾಡುತ್ತಿದ್ದೇನೆ, ಕರೆದುಕೊಂಡು ಹೋಗು ಎಂದ. ತಮ್ಮನ ಮುಖ ಅರಳಿತು.

ರತ್ನಾವತಿಗೆ ಹೊಡೆಯುವಷ್ಟು ಸಿಟ್ಟು ಬಂತು. ಕಾಯಿದೆಯಲ್ಲಿ ತನ್ನದೇ ಆದದ್ದನ್ನು ಇವರಿಬ್ಬರೂ ಸೇರಿ ಭಿಕ್ಷೆ ಮಾಡಿಬಿಟ್ಟಿದ್ದರು.

"ದಯೆ ನಿಮ್ಮ ಹತ್ತಿರವೇ ಇರಲಿ," ಎಂದಳು. "ಬೆಳಿಗ್ಗೆಯಿಂದ ನನ್ನ ಕಾಲು ನೋಡಿದ್ದೀರಿ, ಬ್ರೇಕ್ ನೋಡಲೇ ಇಲ್ಲ. ಬನ್ನಿ, ಕೂತುಕೊಳ್ಳಿ."

ಟೆಂಪೊದವರು ಹಾರ್ನ್ ನಿಲ್ಲಿಸಿ ಇಳಿದು ನೋಡುತ್ತಿದ್ದರು. ಒಲ್ಲೆ ಎನ್ನಲು ಮುಖವಿಲ್ಲದೆ ಸಾಹೇಬ ಪಕ್ಕದ ಸೀಟಿನಲ್ಲಿ ಕೂತ. ಬೆಲ್ಟ್ ಹಾಕಿಕೊಳ್ಳಿ ಎಂದಳು, ಹಾಕಿಕೊಂಡ. ರತ್ನಾವತಿ ಸರಳನ್ನು ಎಳೆದಳು. ಕಾರು ಮೈದಾನದ ಕೊನೆಯ ಗೋಡೆಯತ್ತ ನುಗ್ಗಿತು. ಸಾಹೇಬ ಮೇಲಿನ ಹಿಡಿಕೆಗೆ ಜೋತುಬಿದ್ದು ಸಾಕು ಸಾಕು ಎನ್ನುತ್ತಿದ್ದಾಗ ಅವಳು ಸರಳನ್ನು ಪೂರ್ತಿ ತಳ್ಳಿದಳು. ಕಾರು ಗಕ್ಕನೆ ನಿಂತಿತು. ಸಾಹೇಬನ ಮೊಬೈಲು ಹಾರಿ ಅವನ ಬೂಟಿನ ಬಳಿ ಬಿತ್ತು.

"ಈಗ ಬರೆಯಿರಿ. ಬ್ರೇಕ್ ಸರಿ ಇದೆ ಅಂತ ಬರೆದು ಪಾಸ್ ಮಾಡಿ."

ಅವನು ಮೊಬೈಲು ಹೆಕ್ಕಿ ಹಾಗೇ ಬರೆದ. ಬೆಲ್ಟ್ ಬಿಚ್ಚಿ ಕೆಳಗಿಳಿದ.

ಪುಂಡರೀಕಾಕ್ಷ ಏದುಸಿರು ಬಿಡುತ್ತ ಓಡಿ ಬಂದು, ಪಾಸಾಯಿತಲ್ಲ ಎಂದು ನಗುತ್ತ ಕಾರಿನ ಬಾಗಿಲಿಗೆ ಕೈ ಹಾಕಿದ. ಅದು ಒಳಗಿನಿಂದ ಲಾಕ್ ಆಗಿತ್ತು.

"ಬೇಚಾರಿ ಓಡಿಸುವ ಗಾಡಿಯಲ್ಲಿ ನೀನು ಕೂರುವುದು ಬೇಡ," ಎಂದಳು ರತ್ನಾವತಿ. "ಲೋಕಲ್ ರೈಲು ಹಿಡಿದು ಬಾ."